ಮೂವತ್ತಮೂರು ಇಂಚು

ಫೆಬ್ರವರಿ 2, ಭಾನುವಾರ

ಎಂದಿನಂತೆ ಜೀಪಿನ ಆಯಿಲ್ ನೋಡಲು ಕೆಳಗಿಳಿದೆ. ಶೆಡ್ಡಿನಲ್ಲಿ ಐದು ಟಯರು, ಒಂದರ ಮೇಲೊಂದು. ಹೊಸ ರಬ್ಬರಿನ ವಾಸನೆ. ಟಯರಿನ ಬದಿಯಲ್ಲಿ ಅಚ್ಚಾದ ಅಳತೆ ಓದಿದೆ. ಮೂವತ್ತಮೂರು ಇಂಚು.

ಮಾತಾಗಿದ್ದದ್ದು ಮೂವತ್ತೊಂದು. ಜೀಪು ನನ್ನದೂ ತಮ್ಮನದೂ, ಹತ್ತೊಂಬತ್ತು ವರ್ಷದಿಂದ. ಕಳೆದ ತಿಂಗಳು ಕಮಾನು ಪಟ್ಟಿ ಬದಲಿಸಿ ಗಾಡಿಯನ್ನು ಎರಡು ಇಂಚು ಎತ್ತಿಸಿದ್ದು ಇಬ್ಬರೂ ಒಪ್ಪಿಯೇ. ಆ ಎರಡು ಇಂಚಿಗೆ ಮೂವತ್ತೊಂದರ ಟಯರು ಸಾಕು. ಕಾಗದದ ಮೇಲೆ ಬಿಡಿಸಿ ತೋರಿಸಿದ್ದೆ.

"ಮೂವತ್ತಮೂರೂ ಕೂರತ್ತೆ ಅಂದ ಅಂಗಡಿಯವನು," ಎಂದ ತಮ್ಮ.

"ಅವನು ಟಯರ್ ಮಾರೋನು ಕಣೋ. ಕೂರದಿದ್ರೂ ಕೂರತ್ತೆ ಅಂತಾನೆ."

"ನಿನ್ನ ಕೇಳೋಣ ಅಂತಲೇ ಇದ್ದೆ ಅಣ್ಣ..."

"ಕೇಳಬೇಕಿತ್ತು."

ಮಗಳು ಟಯರುಗಳ ಮೇಲೆ ಕೂತು ಕಾಲಾಡಿಸುತ್ತಿದ್ದಳು. "ಅಪ್ಪನ್ನ ಕೇಳ್ತಾ ಕೂತಿದ್ರೆ ಟಯರು ಅಂಗಡೀಲೇ ಸವೆದು ಹೋಗ್ತಿತ್ತು ಚಿಕ್ಕಪ್ಪ."

ಇಬ್ಬರೂ ನಕ್ಕರು. ನಾನೂ ನಗಬಹುದಿತ್ತು. ಆಯಿಲ್ ನೋಡದೆ ಮೇಲೆ ಬಂದೆ.

ಫೆಬ್ರವರಿ 3, ಸೋಮವಾರ

ಕಚೇರಿ. ಬೇರೆಯವರು ಬರೆದ ನಕ್ಷೆಗಳಲ್ಲಿ ತಪ್ಪು ಹುಡುಕಿ, ಕೆಳಮೂಲೆಯ ಚೌಕದಲ್ಲಿ 'ಪರಿಶೀಲಿಸಿದೆ' ಎಂದು ಸಹಿ ಹಾಕುವುದು ನನ್ನ ಕೆಲಸ. ಇವತ್ತು ಒಂದು ನಕ್ಷೆಯಲ್ಲಿ ಬಾಗಿಲು ತೆರೆದರೆ ಕಂಬಕ್ಕೆ ಬಡಿಯುತ್ತಿತ್ತು. ಕೆಂಪು ಪೆನ್ನಿನಿಂದ ಕಾಗದ ಹರಿಯುವಂತೆ ಗೀಚಿದೆ. ಬರೆದವನು ಬೆಚ್ಚಿಬಿದ್ದ. ನಾನು ಗೀಚಿದ್ದು ಅವನಿಗಲ್ಲ.

ಮಧ್ಯಾಹ್ನ ಅದೇ ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಟಯರು ಎರಡು ಇಂಚು ದೊಡ್ಡದಾದರೆ ಗಾಡಿ ಏಳುವುದು ಒಂದೇ ಇಂಚು. ಇನ್ನೊಂದು ಇಂಚು ಮೇಲೆ ಮಡ್‌ಗಾರ್ಡಿನೊಳಕ್ಕೆ ಹೋಗುತ್ತದೆ. ಅಗಲವೂ ಹೆಚ್ಚು. ಅದು ಒಳಕ್ಕೆ ಹೋಗುತ್ತದೆ... ಎಲ್ಲಿಗೆ? ಕಾಗದದಲ್ಲಿ ತಿಳಿಯಲಿಲ್ಲ.

ಫೆಬ್ರವರಿ 5, ಬುಧವಾರ

ತಮ್ಮ ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ.

ನಮ್ಮಲ್ಲೊಂದು ನಿಯಮ ಇದೆ. ಜೀಪಿನ ಕೆಲಸ ಒಬ್ಬ ಮಾಡಿದರೆ ಇನ್ನೊಬ್ಬ ಟಾರ್ಚು ಹಿಡಿದು ಕೆಳಗೆ ಮಲಗಿ ನೋಡಬೇಕು. ಸರಿಯಿದ್ದರೆ ಎಡ ಮುಂಗಾಲಿಯ ಹಿಂದೆ, ಚಾಸಿಯ ಉಕ್ಕಿನ ಚೌಕಟ್ಟಿನ ಮೇಲೆ, ಸೀಮೆಸುಣ್ಣದಲ್ಲಿ ಒಂದು ಗೀಟು. ಗೀಟು ಬಿದ್ದಮೇಲೇ ಗಾಡಿ ಗೇಟು ದಾಟುವುದು. ಕೊಂಡ ಎರಡನೇ ವರ್ಷ ಗಾಲಿಯ ನಟ್ಟು ಬಿಗಿಯಲು ಮರೆತಿದ್ದೆ. ಇಳಿಜಾರಿನಲ್ಲಿ ಗಾಲಿ ಕಳಚಿ ನಮ್ಮನ್ನೇ ದಾಟಿಕೊಂಡು ಮುಂದೆ ಹೋಯಿತು. ತಪ್ಪು ಯಾರದೆಂದು ತಮ್ಮ ಇವತ್ತಿನವರೆಗೆ ಮನೆಯಲ್ಲಿ ಬಾಯಿ ಬಿಟ್ಟಿಲ್ಲ. ಅಂದಿನಿಂದ ಈ ನಿಯಮ.

ಕರೆಯಲಿ. ಕರೆದರೆ ನೋಡುತ್ತೇನೆ.

ಫೆಬ್ರವರಿ 9, ಭಾನುವಾರ

ಟಯರು ಹಾಕಿದರು. ಮೇಲಿನ ಕೋಣೆಯ ಕಿಟಕಿಯಿಂದ ನೋಡಿದೆ. ಮಡ್‌ಗಾರ್ಡಿನ ಅಂಚು ಕತ್ತರಿಸಿದರು, ಎರಡೂ ಕಡೆ. ಕತ್ತರಿಸುವ ಯಂತ್ರದ ಸದ್ದು ನನ್ನ ಹಲ್ಲಿನೊಳಗೆ. ಆಮೇಲೆ ಮಗಳು ಟಯರಿಗೂ ತಗಡಿಗೂ ನಡುವೆ ಮುಷ್ಟಿ ತೂರಿಸಿ ಕೂಗಿದಳು:

"ನನ್ನ ಮುಷ್ಟಿ ಹಿಡಿಯತ್ತೆ ಚಿಕ್ಕಪ್ಪ!"

"ನಿಂದು ಹಿಡಿದರೆ ಆಯ್ತಾ? ನಂದು ನೋಡು," ಎಂದು ಅವನೂ ಕೈ ಹಾಕಿದ. ಸಿಕ್ಕಿಕೊಂಡಿತು. ನಗು.

ಸಮ ನೆಲದಲ್ಲಿ, ಗಾಲಿ ನೆಟ್ಟಗಿಟ್ಟು ಅಳೆಯುತ್ತಿದ್ದಾರೆ. ಕಲ್ಲುದಾರಿಯಲ್ಲಿ ಯಾವ ಗಾಲಿ ನೆಟ್ಟಗಿರುತ್ತದೆ? ಮೇಲಿನಿಂದ ಒಂದು ಮಾತು ಕೂಗಿದ್ದರೆ ಮುಗಿಯುತ್ತಿತ್ತು. ಕಿಟಕಿ ಹಾಕಿಕೊಂಡೆ.

ಹೆಂಡತಿ ಕಾಫಿ ತಂದಿಟ್ಟಳು. "ಆ ಟಯರಿಗಿಂತ ನಿಮ್ಮ ಮುಖವೇ ಜಾಸ್ತಿ ಊದಿದೆ ರೀ. ಸ್ವಲ್ಪ ಗಾಳಿ ಬಿಡಿ."

ನೋಡಲು ಬಾ ಎಂದು ಯಾರೂ ಕರೆಯಲಿಲ್ಲ. ಗೀಟು ಬೀಳದ ಗಾಡಿ ಗೇಟು ದಾಟಿತು. ಆ ನಿಯಮ ಮಾಡಿಕೊಂಡ ಮೇಲೆ ಮೊದಲ ಸಲ.

ಫೆಬ್ರವರಿ 13, ಗುರುವಾರ

ಅರ್ಧ ದಿನ ರಜೆ. ಮನೆಯಲ್ಲಿ ಯಾರೂ ಇರಲಿಲ್ಲ. ಕಳ್ಳನ ಹಾಗೆ ನನ್ನದೇ ಶೆಡ್ಡಿಗೆ ಹೋದೆ.

ಚಾಸಿಗೆ ಜಾಕಿ ಕೊಟ್ಟು ಎಡ ಮುಂಗಾಲಿ ಜೋತಾಡುವಂತೆ ಎತ್ತಿದೆ. ಸ್ಟೇರಿಂಗ್ ಪೂರ್ತಿ ಎಡಕ್ಕೆ. ಕೆಳಗೆ ಮಲಗಿದೆ.

ಗಾಲಿಗೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಕೊಳವೆ, ಬ್ರೇಕ್ ಹೋಸು, ಹಳೆಯದೇ. ಗಾಡಿ ಎತ್ತಿಸಿದಾಗ ಉದ್ದದ್ದು ಹಾಕಬೇಕಿತ್ತು, ಹಾಕಿಲ್ಲ. ಗಾಲಿ ಕೆಳಗಿಳಿದರೆ ಹೋಸು ತಂತಿಯ ಹಾಗೆ ಬಿಗಿಯುತ್ತದೆ. ಬಿಗಿದಾಗ ಟಯರಿನ ಒಳಗೋಡೆ ನೇರ ಅದಕ್ಕೇ ಉಜ್ಜುತ್ತದೆ. ನಾಲ್ಕು ದಿನದ ಓಡಾಟಕ್ಕೇ ಹೊಳೆಯುವ ಗಾಯ, ಉಗುರಿನಷ್ಟು. ಒಳಗಿನ ನೂಲು ಕಾಣುತ್ತಿದೆ. ಸಮ ನೆಲದಲ್ಲಿ ಏನೂ ತಗಲದು. ಅವರಿಗೆ ಕಾಣುವುದೂ ಇಲ್ಲ.

ನನಗಾದದ್ದು ಭಯವಲ್ಲ. ಇಲ್ಲಿ ಸುಳ್ಳು ಬರೆಯಬೇಕಾದ್ದಿಲ್ಲ. ಸಂತೋಷ. ನಾನು ಹೇಳಿದ್ದೇ ಸರಿಯಾಯಿತಲ್ಲ ಎಂಬ ಸಂತೋಷ, ಬೆನ್ನು ನೆಲಕ್ಕೆ ಅಂಟಿಸಿ ಮಲಗಿದ್ದಾಗ.

ಜಾಕಿ ಇಳಿಸಿ, ಕೈ ತೊಳೆದು, ಮೇಲೆ ಬಂದೆ. ಸಂಜೆ ಹೇಳಲಿಲ್ಲ.

ಫೆಬ್ರವರಿ 14, ಶುಕ್ರವಾರ

ಕಚೇರಿಯಿಂದ ಬರುವಾಗ ಬಿಡಿಭಾಗದ ಅಂಗಡಿಗೆ ಹೋಗಿ ಉದ್ದದ ಹೋಸು ತಂದೆ. ಮೇಜಿನ ಡ್ರಾಯರಿನಲ್ಲಿದೆ, ಈ ಪುಸ್ತಕದ ಕೆಳಗೆ. ಅವನು ಬಂದು ಕೇಳಬೇಕು. 'ಅಣ್ಣ, ಒಂದ್ಸಲ ನೋಡು.' ಮೂರು ಮಾತು. ನಾನು ಏನೂ ಆಡದೆ ಡ್ರಾಯರು ಎಳೆದು ಹೋಸನ್ನು ಮುಂದಿಡುತ್ತೇನೆ. ಅವನ ಮುಖ ಹೇಗಾಗಬೇಕೆಂದೂ ಯೋಚಿಸಿಟ್ಟಿದ್ದೇನೆ.

ಫೆಬ್ರವರಿ 15, ಶನಿವಾರ, ಸಂಜೆ 5:30

ತಮ್ಮ ಬಂದಿದ್ದ. ನಾಳೆ ಹಳೆಯ ಕಲ್ಲುಕ್ವಾರಿಯ ದಾರಿಗೆ ಹೋಗುತ್ತಾರಂತೆ. ಇಳಿಯುವಾಗ ಸ್ಟೇರಿಂಗು ಮಗಳದು.

"ನೀನೂ ಬಾ ಅಣ್ಣ. ಹಿಂದೆ ಕೂತು ಬೈತಾ ಇರು. ನೀನು ಬೈಯದಿದ್ರೆ ದಾರಿ ಸಾಗಲ್ಲ."

"ನನಗೆ ಕೆಲಸ ಇದೆ."

"ಭಾನುವಾರ ಏನಪ್ಪಾ ಕೆಲಸ?" ಎಂದಳು ಮಗಳು.

"ಇದೆ ಅಂದ್ನಲ್ಲ!"

ಲೋಟ ಮೇಜಿಗೆ ಕುಕ್ಕಿದೆ. ತಮ್ಮ ಏನೋ ಕೇಳಲು ಬಾಯಿ ತೆರೆದ. ನನ್ನ ಮುಖ ನೋಡಿ ಮುಚ್ಚಿದ. ಏನು ಕೇಳಲು ಹೊರಟಿದ್ದನೆಂದು ನನಗೆ ಗೊತ್ತು. ಅದನ್ನು ಕೇಳಗೊಡದ ಹಾಗೆ ಮುಖ ಮಾಡಿಕೊಂಡವನು ನಾನೇ. ಆಮೇಲೆ ಕೇಳಲಿಲ್ಲವೆಂದು ಹಲ್ಲು ಕಡಿದವನೂ ನಾನೇ.

ಬೆಳಿಗ್ಗೆ ಹೇಳುತ್ತೇನೆ. ಹೊರಡುವ ಮುಂಚೆ.

ಫೆಬ್ರವರಿ 16, ಭಾನುವಾರ, ಬೆಳಿಗ್ಗೆ 6:20

ಕೆಳಗೆ ಸಾಮಾನು ತುಂಬುತ್ತಿದ್ದಾರೆ. ನೀರಿನ ಕ್ಯಾನು, ಹಗ್ಗ. ಹೊಸ ಸ್ಟೆಪ್ನಿ ಹಿಂಬಾಗಿಲಿನ ಕೊಂಡಿಗೆ ಕೂರದೆ ಒಳಗೇ ಹಾಕಿದ್ದಾರೆ. ಅದೂ ದೊಡ್ಡದಾಯಿತು. ನಗು ಬರಬೇಕಿತ್ತು.

ಹೇಳಲು ಎರಡು ಸಲ ಎದ್ದೆ. ಎರಡು ಸಲವೂ ಈ ಕುರ್ಚಿಗೇ ಬಂದೆ. ಗುರುವಾರ ಹೇಳಿದ್ದರೆ ಅದು ಎಚ್ಚರಿಕೆ. ಇವತ್ತು ಹೇಳಿದರೆ ಮೂರು ದಿನ ಎಲ್ಲಿದ್ದೆ ಎಂಬ ಪ್ರಶ್ನೆ. ಆ ಗಾಯ ಇನ್ನೂ ನೂರು ಸಲ ಉಜ್ಜಿದರೂ ತಡೆಯಬಹುದು. ಹತ್ತೇ ಸಲಕ್ಕೆ ಒಡೆದು ಬ್ರೇಕು ಹೋಗಬಹುದು. ಕ್ವಾರಿಯ ಇಳಿಜಾರಿನಲ್ಲಿ ತಿರುವುಗಳೆಷ್ಟು? ಹನ್ನೊಂದು. ಎಣಿಸಿದ್ದೇನೆ.

6:35

ಮಗಳು ಜೀಪಿನ ಕೆಳಗೆ ಮಲಗಿದ್ದಾಳೆ. ಕಾಲೆರಡೇ ಕಾಣುತ್ತಿವೆ. ಕೈಯಲ್ಲಿ ಸೀಮೆಸುಣ್ಣ.

"ಅಪ್ಪ ಹಾಕೋ ಜಾಗದಲ್ಲೇ ಹಾಕಿದೀನಿ ಚಿಕ್ಕಪ್ಪ. ಥೇಟು ಅಪ್ಪನ ಗೀಟು."

"ನಿಮ್ಮಪ್ಪಂಗೆ ತೋರಿಸ್ಬೇಡ. ಸೊಟ್ಟ ಅಂತಾನೆ."

ಥೂ. ಯಾರಿಗೆ ಎಂದು ಬರೆಯುವುದಿಲ್ಲ.

6:41

ಎಂಜಿನ್ ಶುರುವಾಯಿತು. ಗೇಟು ತೆಗೆದ ಸದ್ದು. ಗೇಟಿನ ಮುಂದೆ ಚರಂಡಿಯ ಚಪ್ಪಡಿ ಒಡೆದಿದೆ. ಎಡಗಾಲಿ ಅದರೊಳಗೆ ಒಂದು ಗೇಣು ಇಳಿಯುತ್ತದೆ, ಸ್ಟೇರಿಂಗ್ ಪೂರ್ತಿ ಎಡಕ್ಕಿರುವಾಗಲೇ. ನಾನು ಇನ್ನೂ ಬರೆಯುತ್ತಿದ್ದೇನೆ. ಬರೆಯುವುದನ್ನು ಬಿಟ್ಟರೆ ಏಳಬೇಕಾಗುತ್ತದೆ—

ಉಜ್ಜಿದ ಸದ್ದು. ಜೀಪು ನಿಂತಿತು.

"ಅಪ್ಪಾ! ಏನೋ ಸದ್ದು ಬಂತು. ಒಂಚೂರು ಬಂದು ನೋಡ್ತೀಯಾ?"

ಕೇಳಿದಳು. ನಾನು ಎರಡು ವಾರ ಕಾದದ್ದು ಇದನ್ನೇ. ಅವಳು ತಲೆಯೆತ್ತಿ ಕಿಟಕಿಯತ್ತ ನೋಡುತ್ತಿದ್ದಾಳೆ, ನಾನು ಬಂದರೆ ಎಲ್ಲ ಸರಿಹೋಗುತ್ತದೆ ಎಂಬಂತೆ.

ಡ್ರಾಯರು ತೆರೆದಿದೆ. ಹೋಸು ಹಿಡಿದು ಇಳಿದರೆ ಮೊದಲೇ ಗೊತ್ತಿತ್ತೆಂದು ಇಬ್ಬರಿಗೂ ತಿಳಿಯುತ್ತದೆ. ಬರಿಗೈಲಿ ಇಳಿದು 'ಅಯ್ಯೋ, ಈಗ ಕಂಡೆ' ಎನ್ನಬಹುದು. ತಮ್ಮ ನಂಬುತ್ತಾನೆ. ನಂಬಿ, ಅಣ್ಣನ ಕಣ್ಣು ಅಂದ್ರೆ ಕಣ್ಣು ಎನ್ನುತ್ತಾನೆ. ಅದನ್ನು ಕೇಳಿಸಿಕೊಳ್ಳಲಾರೆ.

ಹೋಸು ಎಡಗೈಯಲ್ಲಿದೆ, ಬಲಗೈಯಲ್ಲಿ ಪೆನ್ನು. ಮೊದಲ ಮಾತನ್ನು ಇಲ್ಲೇ ಬರೆದುಕೊಂಡು ಇಳಿಯುತ್ತೇನೆ, ಮೆಟ್ಟಿಲಲ್ಲಿ ಬದಲಾಗದಿರಲಿ: ಗುರುವಾರವೇ ನೋಡಿದ್ದೆ.