ಸೇರಿನ ಮೇಲಿನ ಗುಮ್ಮಟ

ಭಾಂಡುಪ್, ಮುಂಬಯಿ
ತಾ. ೨೧-೨-೧೯೭೧, ರವಿವಾರ

ಪ್ರೀತಿಯ ತಮ್ಮ ಗೌಸನಿಗೆ ನಿನ್ನ ಆಪಾ ಹಲೀಮಾಳ ಸಲಾಮು, ದುವಾ.

ಹೇಗಿದ್ದೀಯ? ಕೆಮ್ಮು ಹೋಯಿತೇ? ಗೊಬ್ಬರದ ಫ್ಯಾಕ್ಟರಿಯ ಗಾಳಿ ಎದೆಗಿಳಿಯದಂತೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೋ ಎಂದರೆ ನಗುತ್ತೀಯ. ನಗು, ಆದರೆ ಕಟ್ಟಿಕೋ. ಬರೋಡಾದ ಮೆಸ್ಸಿನಲ್ಲಿ ಬೇಳೆಗೂ ಬೆಲ್ಲ ಹಾಕುತ್ತಾರೆಂದು ಗೋಳಾಡಿದ್ದೆಯಲ್ಲ, ಅದಕ್ಕೇ ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ. ರೂಮಿನವರಿಗೆಲ್ಲ ಹಂಚಿ ಒಂದೇ ದಿನಕ್ಕೆ ಮುಗಿಸಬೇಡ. ನಮ್ಮ ಮನೆಯವರಿಗೆ, ಅಂದರೆ ನಿನ್ನ ದೂಲ್ಹಾಭಾಯಿಗೆ, ಈ ವಾರ ವಿಕ್ರೋಳಿಯಲ್ಲಿ ಎರಡನೇ ಪಾಳಿ. ಲೋಕಲ್ಲಿನ ನೂಕುನುಗ್ಗಲಿಲ್ಲ ಎಂದು ಅವರಿಗೆ ಖುಷಿ. ಮಕ್ಕಳು ಕ್ಷೇಮ. ಅಮ್ಮನ ಮೈ ಚೆನ್ನಾಗಿದೆ, ಮನಸ್ಸು ಚೆನ್ನಾಗಿಲ್ಲ. ಅದನ್ನು ಹೇಳಲೆಂದೇ ಇವತ್ತು ಬರೆಯಲು ಕೂತಿದ್ದೇನೆ.

ರಂಜಾನ್ ಈದ್‌ಗೆ ಬಂದಾಗ ಬಟ್ಟೆ ಸಾಬೂನು ಮಾಡುವುದನ್ನು ಹೇಳಿಕೊಟ್ಟು ಹೋದೆ. ಏಳು ಕಿಲೋ ಎಣ್ಣೆಗೆ ಒಂದು ಕಿಲೋ ಕಾಸ್ಟಿಕ್ ಸೋಡಾ. ಅಪ್ಪ ತೀರಿಕೊಂಡ ಮೇಲೆ ಊರು ಬಿಟ್ಟು ಇಂಡಿಯಿಂದ ಇಲ್ಲಿಗೆ ಬಂದ ಅಮ್ಮ ಹೇಗಿದ್ದಳೆಂದು ನಿನಗೂ ಗೊತ್ತು. ಬಾಗಿಲಲ್ಲಿ ಕೂತು ಹೋಗಿಬರುವವರ ಕಾಲುಗಳನ್ನು ನೋಡುತ್ತಿದ್ದಳು, ಅಷ್ಟೇ. ಸಾಬೂನಿನ ಕೆಲಸ ಶುರುವಾಗಿದ್ದೇ ತಡ, ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಾನು ತಿರುವುವುದು ಸರಿಯಿಲ್ಲ, ಅಚ್ಚಿಗೆ ಹೊಯ್ಯುವುದು ಸರಿಯಿಲ್ಲ, ಒಟ್ಟಿನಲ್ಲಿ ನಾನು ಹುಟ್ಟಿದ್ದೇ ಸರಿಯಿಲ್ಲ ಎಂಬಂತೆ ಬೈಯತೊಡಗಿದಳು. ಗೌಸ, ಆ ಬೈಗುಳ ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಒಳಗೆ ಹೋಗಿ ಅತ್ತೆ. ಚಾಳಿನ ಹೆಂಗಸರು ಬಂದು ಬಷೀರಾಬಿಯ ಸಾಬೂನು ಇದೆಯಾ ಎಂದು ಅಮ್ಮನ ಹೆಸರು ಹಿಡಿದು ಕೇಳುತ್ತಿದ್ದರು.

ಮೊದಲ ಎರಡು ಸಲ ಮೂಲೆಯ ಕಿರಾಣಿ ಅಂಗಡಿಯಿಂದ ತಕ್ಕಡಿ ಬೇಡಿ ತಂದಿದ್ದೆವು. ಕಾಸ್ಟಿಕ್ ತಾಗಿ ತಟ್ಟೆ ಕಪ್ಪಾಯಿತೆಂದು ಮೂರನೆಯ ಸಲ ಅವನು ಕೊಡಲಿಲ್ಲ. ಆಗ ಅಮ್ಮ ಪೆಟ್ಟಿಗೆ ತೆಗೆದು ತನ್ನ ಸೇರು ಹೊರಗಿಟ್ಟಳು. ಊರಿನಿಂದ ಸೀರೆಯಲ್ಲಿ ಸುತ್ತಿ ತಂದ ಅದೇ ಸೇರು. ಸೇರು ಹೋಗಿ ಕಿಲೋ ಬಂದಾಗ ಇಲ್ಲಿಯ ಅಂಗಡಿಯವರೆಲ್ಲ ಎರಡೂ ಹೆಚ್ಚುಕಡಿಮೆ ಒಂದೇ ಎಂದಿದ್ದರಲ್ಲ, ನಾನೂ ಹಾಗೇ ತಿಳಿದೆ. ಅವರದು ತೂಗುವ ಸೇರು, ನಮ್ಮದು ಅಳೆಯುವ ಸೇರು ಎನ್ನುವುದು ನನಗಾದರೂ ಎಲ್ಲಿ ಹೊಳೆಯಬೇಕು? ಅಮ್ಮ ಬಿಸ್ಮಿಲ್ಲಾ ಎಂದು ಎಣ್ಣೆ ಅಳೆದಳು. ಮೊದಲನೆಯದಕ್ಕೆ ಒಂದು ಎನ್ನದೆ ಬರಕತ್ ಎಂದು, ಆಮೇಲೆ ಎರಡು, ಮೂರು, ಏಳರವರೆಗೆ. ನಂತರ ಕಾಸ್ಟಿಕ್. ಅದನ್ನು ಹೇಗೆ ಅಳೆದಳೆಂದು ನಿನಗೆ ಹೇಳಬೇಕೇ? ಜೋಳ ಅಳೆದು ಕೊಡುವಾಗ ಹೇಗೋ ಹಾಗೆ. ಸೇರಿನ ಬಾಯಿಗೆ ಸಮ ಮಾಡಿ ಕೊಡುವುದು ಅವಳ ಜನ್ಮದಲ್ಲಿಲ್ಲ. ಮೇಲೆ ಇನ್ನಷ್ಟು ಸುರಿದು, ಜಾರುವವರೆಗೂ ಏರಿಸಿ, ಆಮೇಲೆಯೇ ಕೈ ತೆಗೆಯುವವಳು. ಅದನ್ನು ನೋಡಿ ಅಪ್ಪ, "ಬಿಜಾಪುರಕ್ಕ ಯಾಕ ಹೋಗಬೇಕು, ಗುಮ್ಮಟ ನಮ್ಮ ಮನ್ಯಾಗ ಐತಿ" ಎನ್ನುತ್ತಿದ್ದರು. ಎಣ್ಣೆಯ ಮೇಲೆ ಗುಮ್ಮಟ ನಿಲ್ಲುವುದಿಲ್ಲ, ಕಾಸ್ಟಿಕ್ಕಿನ ಮೇಲೆ ನಿಂತಿತು. ಎಣ್ಣೆ ಕಡಿಮೆ ಬಿತ್ತು, ಕಾಸ್ಟಿಕ್ ಹೆಚ್ಚಾಯಿತು.

ಆ ಸಾಬೂನು ಒಯ್ದವಳು ಪಕ್ಕದ ಖೋಲಿಯ ಮಲ್ಲವ್ವ. ನಾಲ್ಕು ಮನೆಗಳ ಬಟ್ಟೆ ಒಗೆದು ಬದುಕುವವಳು. ಎರಡು ದಿನದಲ್ಲಿ ಅವಳ ಅಂಗೈ ಚರ್ಮ ಸುಲಿದು, ವಾರವಿಡೀ ಕೆಲಸಕ್ಕೆ ಹೋಗಲಾಗಲಿಲ್ಲ. ಪಾಪ, ಅವಳು ಜಗಳ ತೆಗೆಯಲಿಲ್ಲ. "ಇರ್ಲಿ ಬಿಡವಾ, ಬೇಕಂತ ಮಾಡೀರೇನು" ಎಂದಳು. ಬೈದಿದ್ದರೇ ಅಮ್ಮನಿಗೆ ಹಗುರಾಗುತ್ತಿತ್ತೇನೋ. ದಿನಾ ಹೋಗಿ ಅವಳ ಕೈಗೆ ಕೊಬ್ಬರಿ ಎಣ್ಣೆ ಸವರಿ ಬಂದಳು, ಅವಳ ಮನೆಯ ರೊಟ್ಟಿಯನ್ನೂ ತಾನೇ ಬಡಿದಳು. ಈಗ ಮಲ್ಲವ್ವನ ಕೈ ವಾಸಿಯಾಗಿದೆ. ಕೆಲಸಕ್ಕೂ ಹೋಗುತ್ತಿದ್ದಾಳೆ.

ಇಷ್ಟರಲ್ಲಿ ನಿನ್ನ ಕಾಗದ ಬಂತು. ನಡೆದದ್ದನ್ನು ಒಂದು ಕಾರ್ಡಿನಲ್ಲಿ ಚುಟುಕಾಗಿ ನಿನಗೆ ತಿಳಿಸಿದವಳು ನಾನೇ, ನಿನ್ನ ಲೆಕ್ಕವೂ ಸರಿಯಾಗಿಯೇ ಇದೆ. ಸೇರು ಎಷ್ಟು ಜಾಗ ಹಿಡಿಯುತ್ತದೆ ಎಂಬುದರ ಅಳತೆ, ಕಿಲೋ ಎಷ್ಟು ಭಾರ ಎಂಬುದರದು, ಒಂದೊಂದು ವಸ್ತುವಿಗೆ ಒಂದೊಂದು ತೂಕ ಎಂದು ನೀನು ಬಿಡಿಸಿ ಬರೆದದ್ದು ನನಗೂ ತಿಳಿಯಿತು. ಆದರೆ ಕೊನೆಗೆ "ಆ ಹಳೇ ಸೇರನ್ನು ಮೊದಲು ಹೊರಗೆ ಎಸೆಯಿರಿ" ಎಂದು ಬರೆದೆಯಲ್ಲ, ನನ್ನಪ್ಪಾ, ಆ ಒಂದು ಸಾಲು ಬೇಕಿತ್ತೇ? ಅಮ್ಮ ಎದುರಿಗೇ ಕೂತಿದ್ದಳು. ನಿನ್ನ ಕಾಗದವನ್ನು ನಾನು ಬಾಯಿಬಿಟ್ಟು ಓದದಿದ್ದರೆ ಅವಳು ಬಿಡುತ್ತಾಳೆಯೇ? ಕೇಳಿದವಳೇ ಎದ್ದಳು. ಸೇರನ್ನು ತೊಳೆದು ಒರೆಸಿ ಅಟ್ಟದ ಮೇಲಿಟ್ಟಳು. ಮಾರನೆಯ ದಿನದಿಂದ ಮತ್ತೆ ಬಾಗಿಲಲ್ಲಿ ಕೂತಿದ್ದಾಳೆ. ಇಂಡಿಗೆ ರಹೀಮಾ ಖಾಲಾಳ ಮನೆಗೆ ಹೋಗಿ ಇದ್ದುಬಿಡುತ್ತೇನೆ, ಟಿಕೆಟ್ ತೆಗೆಸು ಎನ್ನುತ್ತಿದ್ದಾಳೆ. ನಿನ್ನ ದೂಲ್ಹಾಭಾಯಿ ಹಾಗೂ ಹೀಗೂ ಮುಂದೂಡುತ್ತಿದ್ದಾರೆ. ಇನ್ನೆಷ್ಟು ದಿನ ಮುಂದೂಡಿಯಾರು? ಅವಳು ಈಗ ಹೋದರೆ ಮತ್ತೆ ಬರುವುದಿಲ್ಲ. ನನಗೆ ಹೆದರಿಕೆಯಾಗುತ್ತದೆ, ಗೌಸ.

ನೀನು ಮಾಟುಂಗಾದ ಕಾಲೇಜು ಸೇರಿದ ಹೊಸದರಲ್ಲಿ, ಇನ್ನೂ ಪೌಂಡು ಕಿಲೋ ಮಾಡುವುದು, ಗ್ಯಾಲನ್ ಲೀಟರ್ ಮಾಡುವುದೇ ನಡೆದಿದೆ ಎಂದಾಗ ಅಮ್ಮ ಏನೆಂದಿದ್ದಳು, ನೆನಪಿದೆಯೇ? "ಅಳಿಯೋದು ಕಲಿಯಾಕ ಇಷ್ಟು ದೂರ ಹೋಗಬೇಕೇನೋ? ನನ್ನ ಕೇಳಿದ್ರ ಹೇಳಿಕೊಡತಿದ್ನಿ." ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ.

ಇರಲಿ. ಮೈ ಜೋಪಾನ. ಪೈಪುಗಳ ಹತ್ತಿರ ಕೆಲಸ ಮಾಡುವಾಗ ಹುಷಾರು. ಮಕ್ಕಳು ಮಾಮೂಗೆ ಸಲಾಮು ಹೇಳಿದ್ದಾರೆ. ಚಿಕ್ಕವನು ರೈಲಿನ ಬೊಂಬೆ ತಾ ಎಂದು ಮತ್ತೆ ನೆನಪಿಸಿದ್ದಾನೆ. ಅಲ್ಲಾಹ್ ನಿನ್ನನ್ನು ಕಾಯಲಿ, ಹಿಡಿದ ಕೆಲಸದಲ್ಲಿ ಬರಕತ್ ಕೊಡಲಿ.

ನಿನ್ನ ಆಪಾ,
ಹಲೀಮಾ

ತಾ.ಕ.: ಟಪಾಲು ಪೆಟ್ಟಿಗೆಗೆ ಹಾಕುವ ಮೊದಲು ಅವಸರದಲ್ಲಿ ಇಷ್ಟು ಸೇರಿಸುತ್ತಿದ್ದೇನೆ. ಇವತ್ತು ಅಮ್ಮನಿಗೆ ಒಂದು ಸುಳ್ಳು ಹೇಳಿದೆ. ಉಳಿದ ಕಾಸ್ಟಿಕ್ ಅಂಗಡಿಗೆ ವಾಪಸು ಕೊಡಬೇಕು, ಒಂದು ಸೇರು ಅಳೆದು ಕೊಡು ಎಂದೆ. ಒಲ್ಲೆ ಒಲ್ಲೆ ಎನ್ನುತ್ತಲೇ ಕೈಗೆ ಬಟ್ಟೆ ಸುತ್ತಿಕೊಂಡು ಅಳೆದಳು. ವಾಪಸು ಕೊಡುವುದಕ್ಕೂ ಗುಮ್ಮಟ! ಅದನ್ನು ನಮ್ಮದೇ ಬೋಗುಣಿಯಲ್ಲಿ ಒಯ್ದು, ಅಂಗಡಿಯವನ ಕಾಲು ಹಿಡಿಯುವುದೊಂದು ಬಾಕಿ, ತೂಗಿಸಿದೆ. ಬೋಗುಣಿಯ ತೂಕ ಕಳೆದು ಒಂದು ಕಿಲೋ ನೂರೈವತ್ತು ಗ್ರಾಂ. ಒಂದು ಸೇರು ಎಣ್ಣೆಯನ್ನೂ ತೂಗಿಸಿದೆ, ಒಂಬೈನೂರು ಗ್ರಾಂ. ಅಮ್ಮನ ಗುಮ್ಮಟ ಒಂದೊಂದು ಸಲ ತುಸು ಏರೀತು, ಇಳಿದೀತು. ಅದಕ್ಕೂ ಜಾಗ ಇಟ್ಟು, ಅವಳ ಒಂದು ಸೇರು ಕಾಸ್ಟಿಕ್ಕಿಗೆ ಎಷ್ಟು ಸೇರು ಎಣ್ಣೆ ಬೇಕೆಂದು ಲೆಕ್ಕ ಹಾಕಿ ಕೂಡಲೇ ಬರೆ. ಕಿಲೋ, ಗ್ರಾಂ ಒಂದೂ ಇರಕೂಡದು. ಬಿಳಿ ಸಾಹೇಬರ ಪೌಂಡು, ಗ್ಯಾಲನ್‌ಗಳಿಗೆಲ್ಲ ನಿನ್ನ ಪುಸ್ತಕದಲ್ಲಿ ಜಾಗವಿದೆ, ನಿನ್ನ ಅಮ್ಮನ ಸೇರಿಗೂ ಇರಲಿ. ಕಾಗದವನ್ನು ನನ್ನ ಹೆಸರಿಗೆ ಬರೆಯಬೇಡ. ಓದಿ ಹೇಳುವವಳು ನಾನೇ ಆದರೂ ಮೇಲೆ ಬಷೀರಾಬಿ ಎಂದು ಬರೆ. ಟಪಾಲಿನವನು ಬಾಗಿಲಲ್ಲಿ ನಿಂತು ಅವಳ ಹೆಸರು ಕೂಗಲಿ. ಅಲ್ಲೇ ಕೂತಿರುತ್ತಾಳೆ.