ನಾಲ್ಕು ಬೀಗದ ಉಗ್ರಾಣ

ರಾಜಾಜಿನಗರ, ಬೆಂಗಳೂರು
12-8-1974

ಪ್ರೀತಿಯ ಜಯಕ್ಕನಿಗೆ,

ಆರೋಗ್ಯವಾಗಿದ್ದೇನೆ, ಹಸಿವು ಮಾತ್ರ ಜಾಸ್ತಿ. ಕಾರಣ ಕೇಳು. ನಮ್ಮ ಹಾಸ್ಟೆಲಿನ ಉಗ್ರಾಣಕ್ಕೆ ನಾಲ್ಕು ಬೀಗ. ಒಬ್ಬರನ್ನೊಬ್ಬರು ನಂಬದ ನಾಲ್ವರು ಧರ್ಮದರ್ಶಿಗಳ ಹತ್ತಿರ ಒಂದೊಂದು ಕೀಲಿಕೈ. ನಿನ್ನೆ ಮೂವರು ತಮ್ಮ ಬೀಗ ತೆಗೆದು ನಿಂತರು. ನಾಲ್ಕನೆಯವರಾದ ಗುರುಸಿದ್ದಪ್ಪನವರು ಕೆಂಗೇರಿಯಿಂದ ಬಂದೇ ಇರಲಿಲ್ಲ. "ಅವ್ರು ಬರೋವರ್ಗೂ ಅಕ್ಕಿ ವಾಸ್ನೆ ಕುಡ್ಕೊಂಡು ಕೂತಿರು ಗುರು," ಎಂದ ರೂಮಿನ ಗೆಳೆಯ.

ಆಗ ಹೊಳೆಯಿತು. ನಾನು ಕನ್ನಡಕ್ಕೆ ತರುತ್ತಿರುವ ಪ್ರೊಫೆಸರ್ ಬೆಟ್ಟಯ್ಯನವರ ಪುಸ್ತಕದಲ್ಲಿ, ಸ್ನಾಯುವಿನ ಜೀವಕೋಶದಿಂದ ಪೊಟ್ಯಾಸಿಯಂ ಹೊರಹೋಗುವ ಸಣ್ಣ ದಾರಿಗಳ ಲೆಕ್ಕವಿದೆ. ಪ್ರತಿ ದಾರಿಗೂ ನಾಲ್ಕು ತಡೆಗಳಿವೆ ಎಂದು ಊಹಿಸಿಕೊಳ್ಳುತ್ತಾರೆ. ನಾಲ್ಕೂ ಸರಿದರೆ ಮಾತ್ರ ದಾರಿ ತೆರೆಯುತ್ತದೆ. "ಇದು ಕನ್ನಡದಲ್ಲಿ ಆಗಲ್ಲ ಕಣಯ್ಯ, ಬಿಟ್ಬಿಡು," ಎಂದಿದ್ದರು ಪ್ರೊಫೆಸರ್. ಬಿಟ್ಟರೆ ಈ ಅನುವಾದದ ಕೆಲಸ ಹೋಗಿ, ನನಗೆ ಊರಿನ ಮಿಲ್ಲೇ ಗತಿ. ಇವತ್ತು ಅದನ್ನು ಉಗ್ರಾಣದ ಕತೆಯಾಗಿ ಬರೆದು, ಅವರ ಮುಂದೆ ಓದಿದೆ.

"ಈ ದಾರಿ ತೆರೆಯೋದು ನಿಧಾನ, ಮುಚ್ಚೋದು ಬೇಗ. ಅದ್ಯಾಕೆ ಹೇಳು?" ಎಂದರು.

"ತೆರೆಯೋಕೆ ನಾಲ್ಕು ಜನಾನೂ ಬರ್ಬೇಕು ಸಾರ್. ಮುಚ್ಚೋಕೆ ಒಬ್ರಿಗೆ ಸಿಟ್ಟು ಬಂದ್ರೆ ಸಾಕು."

ಅವರು ನಕ್ಕು, ಹೃದಯದ ಅಧ್ಯಾಯವನ್ನೂ ನನ್ನ ಕೈಗಿಟ್ಟರು.

ಮಿಲ್ಲಿನ ಗುಮಾಸ್ತೆ ಕೆಲಸಕ್ಕೆ ಬೇರೆಯವರನ್ನು ಕಳಿಸುವಂತೆ ಅಪ್ಪನಿಗೆ ಹೇಳಿಬಿಡು. ಪುಸ್ತಕ ಮುಗಿಸದೆ ನಾನು ಬರುವುದಿಲ್ಲ. ಚಟ್ನಿಪುಡಿ ಮಾತ್ರ ಬೇಗ ಕಳಿಸು. ಗುರುಸಿದ್ದಪ್ಪನವರು ಇವತ್ತೂ ತಡವಂತೆ.

ನಿನ್ನ ತಮ್ಮ,
ಮಹಾರುದ್ರ