ಹೊಳೆಯಾಚೆಯ ಘಟಕ

ಮಾರ್ಚ್ ೧೪, ಗುರುವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ (ಮೂವತ್ತಮೂರಾದರೂ ನನಗೆ ನೀನು ಪುಟ್ಟಿಯೇ),

ಅಮ್ಮನ ಆಶೀರ್ವಾದ. ಫೋನಿನಲ್ಲೇ ಹೇಳೋಣವೆಂದು ಎರಡು ಸಲ ನಿನ್ನ ನಂಬರು ಒತ್ತಿ, ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟೆ. ನಿನ್ನ ದನಿ ಕೇಳಿದರೆ ಬಾಯಿಗೆ ಮತ್ತೆ ಸುಳ್ಳೇ ಬರುತ್ತದೆ. ಅದಕ್ಕೇ ಈ ಕಾಗದ. ನಿಮ್ಮಪ್ಪ ಪೇಪರನ್ನು ಮುಖಕ್ಕೆ ಹೊದ್ದುಕೊಂಡು ಮಲಗಿದ್ದಾರೆ. ಏನು ಬರೀತಿದ್ದೀ ಎಂದು ಕೇಳುವವರಿಲ್ಲ.

ಮಂಗಳವಾರ ನನ್ನನ್ನು ನಿನ್ನ ಕ್ಲಾಸಿಗೆ ಕರೆದುಕೊಂಡು ಹೋಗಿ, ಯಾರೆಂದು ಯಾರಿಗೂ ಹೇಳದೆ ಹಿಂದಿನ ಬೆಂಚಿನಲ್ಲಿ ಕೂರಿಸಿದೆಯಲ್ಲ. ನಿನ್ನ ಸಂಶೋಧನೆಯ ನಾಲ್ಕನೇ ಅಧ್ಯಾಯವನ್ನೇ ಅವತ್ತು ಪಾಠ ಮಾಡಿದೆ. ಒಂದು ಶೂ ಕಂಪನಿ, ಎರಡು ಘಟಕ, ಒಂದನ್ನು ಮುಚ್ಚಲೇಬೇಕು. ಹೊಸ ಯಂತ್ರಗಳೆಲ್ಲ ಹೊಳೆಯಾಚೆ ಇದ್ದರೂ, ಮ್ಯಾನೇಜರಮ್ಮ ಕಣ್ಣಿಗೆ ಕಂಡದ್ದನ್ನಷ್ಟೇ ನಂಬದೆ ಹನ್ನೊಂದು ಅಂಶಗಳ ಕೋಷ್ಟಕ ಮಾಡಿ, ಒಂದೊಂದಕ್ಕೂ ತೂಕ ಕೊಟ್ಟು ಕೂಡಿಸಿ, ಊರೊಳಗಿನ ಹಳೇ ಘಟಕವನ್ನೇ ಉಳಿಸಿದಳು ಎಂದು ಬೋರ್ಡಿನ ಮೇಲೆ ಬರೆದೆ. ಒಳ್ಳೆಯ ತೀರ್ಮಾನವೆಂದರೆ ಇದು ಎಂದೆ. ಅರವತ್ತು ಮಕ್ಕಳು ತಲೆ ಬಗ್ಗಿಸಿ ಬರೆದುಕೊಂಡರು.

ಆಗ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಆಮೇಲೆ ಹೊಳೆಯಾಚೆ ಕೆಲಸ ಕಳ್ಕೊಂಡ ಇನ್ನೂರ ಹತ್ತು ಜನ ಏನಾದ್ರು?" ಎಂದು ಕೇಳಿದಳು.

"ಅದು ಈ ಕೇಸಿನ ವ್ಯಾಪ್ತಿಗೆ ಬರಲ್ಲ" ಎಂದು ಹೇಳಿ ನೀನು ಮುಂದಿನ ಪುಟಕ್ಕೆ ಹೋದೆ. ನಿನ್ನನ್ನು ದೂರುತ್ತಿಲ್ಲ ಪುಟ್ಟಿ. ನಿನ್ನ ರೆಕಾರ್ಡರಿನ ಮುಂದೆ ಎರಡೂವರೆ ಗಂಟೆ ಮಾತಾಡಿದಾಗ ನಾನೂ ಅವರ ಸುದ್ದಿ ಎತ್ತಿರಲಿಲ್ಲ.

ಆ ಕೋಷ್ಟಕ ತೀರ್ಮಾನಕ್ಕೆ ಮೊದಲು ಹುಟ್ಟಿದ್ದಲ್ಲ. ಆ ಮ್ಯಾನೇಜರಮ್ಮ ನಾನೇ ತಾನೆ; ಹದಿನೇಳು ವರ್ಷದ ಹಿಂದಿನ ಆ ಸೋಮವಾರ ಬೆಳಿಗ್ಗೆ ಬಸ್ಸಿನಿಂದ ಇಳಿಯುವ ಹೊತ್ತಿಗೇ ಹೊಳೆಯಾಚೆಯದನ್ನು ಮುಚ್ಚುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಆಡಳಿತ ಮಂಡಳಿಗೆ ತೋರಿಸಲು ಏನಾದರೂ ಬೇಕಿತ್ತು. ನಮ್ಮ ಯೋಜನಾ ವಿಭಾಗದಲ್ಲಿ ಒಬ್ಬರಿದ್ದರು, ಕೈಯಲ್ಲಿ ಯಾವಾಗಲೂ ಮರದ ಅಡಿಪಟ್ಟಿ; ಎಲ್ಲರೂ ಅವರನ್ನು ಸ್ಕೇಲು ಮೇಷ್ಟ್ರು ಎನ್ನುತ್ತಿದ್ದರು. ಅವರನ್ನು ಕರೆದೆ. ಅವರು ಬಾಗಿಲು ಹಾಕಿಕೊಂಡು, "ಯಾವುದು ಗೆಲ್ಬೇಕು ಹೇಳ್ಬಿಡಿ ಮೇಡಂ, ಆಮೇಲೆ ತೂಕ ಹಾಕೋಣ" ಎಂದರು. ಹೇಳಿದೆ. ಊಟದ ಹೊತ್ತಿಗೆ ಹನ್ನೊಂದು ಅಂಶಗಳೂ ತಯಾರಾದವು. ಮೊದಲ ಸಲ ಕೂಡಿಸಿದಾಗ ಹೊಳೆಯಾಚೆಯದೇ ಗೆದ್ದಿತು. ಮೇಷ್ಟ್ರು ಯಂತ್ರಗಳ ತೂಕವನ್ನು ಅರ್ಧಕ್ಕಿಳಿಸಿದರು.

ಸುದ್ದಿ ಹೇಳಲು ನಾನೇ ಅಲ್ಲಿಗೆ ಹೋದೆ. ನಿನ್ನ ಅಧ್ಯಾಯದಲ್ಲಿ ಅದಕ್ಕೆ 'ಮುಕ್ತ ಸಂವಹನ' ಎಂಬ ಹೆಸರಿದೆ. ನಿಜ ಹೇಳಬೇಕೆಂದರೆ, ಬೇರೆ ಯಾರೂ ಹೋಗಲು ಒಪ್ಪಲಿಲ್ಲ. ಹೊಲಿಗೆ ಸಾಲಿನ ಹಿರಿಯ ಹೆಂಗಸೊಬ್ಬರು ಸೂಜಿ ಚುಚ್ಚದಂತೆ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚುತ್ತಾ, "ನಮ್ ಕೆಲಸದಲ್ಲಿ ಏನ್ ತಪ್ಪಾಯ್ತಮ್ಮಾ? ಹೇಳಿದ್ರೆ ತಿದ್ಕೋತೀವಿ" ಎಂದರು. "ತಪ್ಪೇನಿಲ್ಲ, ಅಂಕಿಗಳು ಹೀಗೆ ಹೇಳ್ತಿವೆ" ಎಂದೆ. ಅವರು ತಲೆಯಾಡಿಸಿದರು. ಅಂಕಿಗಳೇ ಹೇಳಿದ ಮೇಲೆ ಪಾಪ, ಅವರು ಇನ್ನೇನು ಮಾತಾಡಿಯಾರು? ಆಮೇಲೆ ಅವರೆಲ್ಲ ಎಲ್ಲಿ ಹೋದರು, ಏನು ಮಾಡಿದರು, ನಾನು ವಿಚಾರಿಸಲಿಲ್ಲ. ವಿಚಾರಿಸದೇ ಇರುವುದಕ್ಕೂ ಹದಿನೇಳು ವರ್ಷ ದುಡಿದಿದ್ದೇನೆ. ಸಾಕಾಗಿದೆ.

ನಿನಗೇಕೆ ಸುಳ್ಳು ಹೇಳಿದೆ ಎನ್ನುತ್ತೀಯಾ? ನಿನ್ನ ಮೊದಲ ಪ್ರಶ್ನೆಗೆ ನಿಜವನ್ನೇ ಹೇಳಬೇಕೆಂದಿದ್ದೆ. ನೀನು ಪೆನ್ನು ಹಿಡಿದು, ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದೆ. ಮಗಳು ಹಾಗೆ ನೋಡಿದರೆ ಯಾವ ತಾಯಿಗೆ ನಾಲಿಗೆ ಹೊರಳುತ್ತದೆ? ಹಳೇ ಕೋಷ್ಟಕ ಬಾಯಿಪಾಠವಿತ್ತು, ಒಪ್ಪಿಸಿಬಿಟ್ಟೆ.

ನೀನು ಕೊಟ್ಟ ಒಪ್ಪಿಗೆ ಪತ್ರವನ್ನು ಇದರ ಜೊತೆಗೇ ಇಟ್ಟಿದ್ದೇನೆ. ಸಹಿ ಹಾಕಿಲ್ಲ. ಈ ಪಾಠ ಬೇರೆ ಕಾಲೇಜುಗಳಿಗೂ ಹೋದರೆ ನಿನ್ನ ಬಡ್ತಿಗೆ ಅನುಕೂಲ ಎಂದು ನೀನು ಹೇಳಿದ್ದೆ, ಮರೆತಿಲ್ಲ. ಆದರೆ ಆ ಅರವತ್ತು ಮಕ್ಕಳೂ ನಾಳೆ ಒಂದೊಂದು ಕುರ್ಚಿಯಲ್ಲಿ ಕೂರುವವರು. ನಾನು ಮಾಡಿದ್ದನ್ನು ಅವರು ತಾವಾಗಿಯೇ ಕಲಿಯುತ್ತಾರೆ, ನೀನು ಬೋರ್ಡಿನ ಮೇಲೆ ಬರೆದು ಕಲಿಸುವುದು ಬೇಡ. ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸು, ಅದೇ ದಿನ ಸಹಿ ಹಾಕಿ ಕಳಿಸುತ್ತೇನೆ. ಅಧ್ಯಾಯವನ್ನೇ ಕಿತ್ತುಹಾಕಿದರೂ ನನಗೆ ಬೇಜಾರಿಲ್ಲ. ಸ್ವಲ್ಪ ದಿನ ಮಾತು ಬಿಡುತ್ತೀಯೇನೋ. ಬಿಡು, ಕಾಯುತ್ತೇನೆ.

ಬೆಳಿಗ್ಗೆ ಬಸ್ಸಿನಿಂದ ಇಳಿಯುವ ಮೊದಲೇ ಯಾಕೆ ತೀರ್ಮಾನಿಸಿದ್ದೆ ಎಂದು ಮಾತ್ರ ಕೇಳಬೇಡ. ಸುಸ್ತಾಗಿತ್ತು ಎಂದು ಬರೆದುಕೋ.

ಬೆನ್ನು ನೋಯುತ್ತಿದೆ, ಇಲ್ಲಿಗೆ ನಿಲ್ಲಿಸಲೇ?

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನೀನು ಕೇಳದೆ ಬಿಡುವವಳಲ್ಲ, ಅದೇ ನಿನ್ನ ಕಸುಬು. ಊರೊಳಗಿನ ಘಟಕ ಮುಚ್ಚಿದ್ದರೆ ನನ್ನನ್ನು ಹೊಳೆಯಾಚೆಗೆ ಹಾಕುತ್ತಿದ್ದರು, ದಿನಾ ಓಡಾಡುವಷ್ಟು ಹತ್ತಿರವಲ್ಲ, ಮನೆಯನ್ನೂ ಅಲ್ಲಿಗೇ ಎತ್ತಬೇಕಿತ್ತು. ನೀನಾಗ ಹತ್ತನೇ ಕ್ಲಾಸು, ಅಷ್ಟರಲ್ಲೇ ಮೂರು ಶಾಲೆ ಬದಲಾಯಿಸಿದ್ದೆ. ಆ ಸೋಮವಾರದ ಹಿಂದಿನ ಭಾನುವಾರ ಸಂಜೆ ನೀನು ಊಟದ ತಟ್ಟೆ ದೂಡಿ, "ಇನ್ನೊಂದ್ ಸಲ ಶಾಲೆ ಬದಲಾಯಿಸಿದ್ರೆ ನಾನು ಓದೋದೇ ಬಿಡ್ತೀನಿ" ಎಂದೆ. ನಿನಗದು ನೆನಪಿರಲಾರದು, ಇರಬೇಕಾಗಿಯೂ ಇಲ್ಲ. ಮಕ್ಕಳು ಹಾಗೆಲ್ಲ ಅನ್ನುತ್ತಾರೆ. ಮುಚ್ಚುವ ಆದೇಶದ ಮೇಲಿನ ಸಹಿ ನನ್ನದು. ಇವತ್ತು ಮತ್ತೆ ಕೇಳಿದರೂ ಅದನ್ನೇ ಹಾಕುತ್ತೇನೆ ಅನಿಸುತ್ತದೆ, ನನ್ನನ್ನು ಸುಸ್ತು ಮಾಡುವುದು ಅದೇ.